ನಾವು ಎಂಬ ಸನ್ನೆ

ಕಿವಿ ಕೇಳದ ತಾಯಿಯ ಮಗಳಾದರೂ ಅವಳ ಮಾತು ಅರಳು ಹುರಿದಂತೆ. ಅದಕ್ಕೇ ಬೀದಿಯವರು ಅವಳನ್ನು ಅರಳು ಎಂದೇ ಕರೆಯುತ್ತಿದ್ದರು. ಆದರೆ ಆ ಬೆಳಿಗ್ಗೆ, ನಗರಸಭೆಯ ಸಂದರ್ಶನದ ಕುರ್ಚಿಯಲ್ಲಿ, ಅರಳುವಿನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಕೆಲಸ ದುಭಾಷಿಯದು. ಏಳು ತಿಂಗಳ ಹಿಂದೆ ಊರಿನವರು ದರ್ಜಿಯಮ್ಮನನ್ನು ಸದಸ್ಯೆಯಾಗಿ ಗೆಲ್ಲಿಸಿದ್ದರು. ಅರಳುವಿನ ತಾಯಿಯಂತೆ ಆಕೆಗೂ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ, ಅಕ್ಷರವೂ ತಿಳಿಯದು ಎಂಬುದು ಕಚೇರಿಗೆ ಈಗ ನೆನಪಾಗಿತ್ತು! ಹುಟ್ಟಿದಾಗಿನಿಂದ ಮನೆಯಲ್ಲಿ ಮಾಡುತ್ತ ಬಂದ ಕೆಲಸಕ್ಕೆ ಸಂಬಳ ಕೊಡುವ ಜಾಗ ಊರಿಗೆಲ್ಲ ಇದೊಂದೇ. ಕೈತಪ್ಪಿದರೆ ಮತ್ತೆ ಚಪ್ಪಲಿ ಅಂಗಡಿಯಲ್ಲಿ ಮಂದಿಯ ಕಾಲಳತೆ ತೆಗೆಯುವುದೇ ಗತಿ.

ಮೇಜಿನ ಆಚೆ ನಡುವೆ ದರ್ಜಿಯಮ್ಮ, ಬಲಕ್ಕೆ ವಕೀಲರು, ಎಡಕ್ಕೆ ಗುತ್ತಿಗೆದಾರರು. ಸದಸ್ಯರೇ ಆದ ಗಂಡಸರಿಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ನಾಲ್ಕು ವರ್ಷದ ಹಿಂದೆ ಗಿರಣಿಯ ಮುಷ್ಕರದಲ್ಲಿ ಊರು ಎರಡು ಹೋಳಾಗಿತ್ತು: ಗೇಟು ದಾಟಿ ಕೆಲಸಕ್ಕೆ ಹೋದವರು, ಗೇಟಿನ ಹೊರಗೇ ಕೂತವರು. ಗುತ್ತಿಗೆದಾರರು ಒಳಗಿನವರ ಕಡೆ, ವಕೀಲರು ಹೊರಗಿನವರ ಕಡೆ.

"ಇಲ್ಲಿ ಆಡೋ ಪ್ರತಿಯೊಂದು ಮಾತೂ ದರ್ಜಿಯಮ್ಮನಿಗೆ ಮುಟ್ಟಬೇಕು. ಅದೇ ಪರೀಕ್ಷೆ," ಎಂದರು ವಕೀಲರು.

ಅರಳು ಕೈ ಎತ್ತಿ ಸನ್ನೆ ಶುರುಮಾಡಿದಳು.

"ಮುಷ್ಕರದಲ್ಲಿ ನಿಮ್ಮಪ್ಪ ಒಳಗೋ ಹೊರಗೋ?" ಗುತ್ತಿಗೆದಾರರು ಕೇಳಿದರು.

"ಅದಕ್ಕೂ ಈ ಕೆಲಸಕ್ಕೂ ಏನ್ರೀ ಸಂಬಂಧ?" ವಕೀಲರು ಸಿಡುಕಿದರು. ಆಮೇಲೆ ತಾವೇ ಮುಂದೆ ಬಗ್ಗಿದರು. "ಆದ್ರೂ ಹೇಳಮ್ಮ, ಒಳಗೋ ಹೊರಗೋ?"

"ಅಪ್ಪ ಒಳಗೆ. ಚಿಕ್ಕಪ್ಪ ಹೊರಗೆ."

ಇಬ್ಬರ ಮುಖವೂ ಹುಳ್ಳಗಾಯಿತು.

"ನೋಡಿದ್ರಾ? ಒಂದು ಮನೇನ ಎರಡು ಮಾಡಿದ್ದು ನೀವು!" ಎಂದರು ವಕೀಲರು.

"ಹೊಟ್ಟೆಪಾಡಿಗೆ ಒಳಗೆ ಹೋದೋರನ್ನ ದ್ರೋಹಿ ಅಂದಿದ್ದು ಯಾರು?"

ಅರಳುವಿನ ಕೈ ಒಂದು ಗಳಿಗೆ ತಡೆಯಿತು. ಮನೆಯಲ್ಲಿ ಅಪ್ಪ, ಚಿಕ್ಕಪ್ಪ ಹೀಗೇ ಕಿತ್ತಾಡಿದ ದಿನ ಅಮ್ಮ ಏನೆಂದು ಕೇಳಿದ್ದಳು. ಮಳೆ ಬರುತ್ತದಂತೆ ಎಂದು ಇವಳು ಸನ್ನೆ ಮಾಡಿದ್ದಳು. ಚಿಕ್ಕಪ್ಪ ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಸುಳ್ಳು ತಿಳಿದ ಮೇಲೆ ಅಮ್ಮ, ಮಗಳು ಕೈ ಎತ್ತಿದಾಗೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಒಂದು ತಿಂಗಳು ಹಾಗೇ ನಡೆಯಿತು. ಅರಳು ಈಗ ಬೈಗುಳವನ್ನೂ ಬಿಡದೆ ದಾಟಿಸಿದಳು.

"ನಾವು ಅದನ್ನ ಮರೆಯಲ್ಲ!" ಗುತ್ತಿಗೆದಾರರು ಮೇಜು ಗುದ್ದಿದರು.

"ಒಂದ್ನಿಮಿಷ ಸಾರ್. ನಾವು ಅಂದ್ರೆ ಯಾರ್ಯಾರು?"

"ನಾವು ಅಂದ್ರೆ ನಾವು!"

"ಬಾಯಲ್ಲಿ ಅಷ್ಟು ಸಾಕು ಸಾರ್. ನಮ್ಮ ಸನ್ನೇಲಿ ಬೆರಳು ನಿಮ್ಮ ಎದೆಯಿಂದ ಹೊರಟು, ಸೇರಿದವರನ್ನೆಲ್ಲ ಸುತ್ತಿ ವಾಪಸ್ ಬರಬೇಕು. ಎಲ್ಲಿವರೆಗೆ ಸುತ್ತಲಿ?"

ಗುತ್ತಿಗೆದಾರರು ತಾವೇ ಬೆರಳೆತ್ತಿದರು. ಅದು ಎದೆಯಿಂದ ಹೊರಟು ವಕೀಲರನ್ನು ಬಿಟ್ಟಿತು, ಅರಳುವಿನ ಎದುರು ಬಂದು ನಿಂತಿತು. ಅಪ್ಪ ಒಳಗೆ, ಚಿಕ್ಕಪ್ಪ ಹೊರಗೆ. ಬೆರಳು ಹಾಗೇ ಹಿಂದಿರುಗಿ ಅವರದೇ ಅಂಗಿಯ ಗುಂಡಿಗೆ ತಾಗಿತು. ವಕೀಲರು ನಕ್ಕು ತಾವೂ ಪ್ರಯತ್ನಿಸಿದರು. ಅವರ ಬೆರಳೂ ಅಲ್ಲೇ ತಡವರಿಸಿತು.

ಆಗ ದರ್ಜಿಯಮ್ಮ ಬೆರಳೆತ್ತಿದರು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು. ಅದು ಎದೆಯಿಂದ ಹೊರಟು ವಕೀಲರನ್ನು, ಅರಳುವನ್ನು, ಗುತ್ತಿಗೆದಾರರನ್ನು ದಾಟಿತು. ನಿಲ್ಲಲಿಲ್ಲ. ಕಿಟಕಿಯಾಚೆ ಬಸ್ಸಿಗೆ ಕಾದವರನ್ನು, ಸೇತುವೆಯನ್ನು, ಹೊಗೆಯಾಡುವ ಗಿರಣಿಯ ಚಿಮಣಿಯನ್ನು ಸುತ್ತಿ, ಯಾರನ್ನೂ ಬಿಡದೆ ನಿಧಾನವಾಗಿ ಎದೆಗೆ ಮರಳಿತು. ತೊಟ್ಟಿಲಿನಿಂದ ಕಂಡ ಸನ್ನೆಯೇ. ಅದು ಇಷ್ಟು ದೊಡ್ಡದಿರಬಹುದೆಂದು ಅರಳುವಿಗೆ ಗೊತ್ತೇ ಇರಲಿಲ್ಲ. ಗಂಡಸರಿಬ್ಬರೂ ಆ ಬೆರಳನ್ನೇ ನೋಡುತ್ತಿದ್ದರು.

ದರ್ಜಿಯಮ್ಮನ ಕೈಗಳು ಮತ್ತೆ ಆಡಿದವು. ಅರಳು ಬಾಯಿಬಿಟ್ಟಳು:

"ಏಳು ತಿಂಗಳು ನಿಮ್ಮ ಮಧ್ಯೆ ಕೂತೆ. ನೀವು ಕೆಂಪಗಾಗೋದು, ಮೇಜು ಗುದ್ದೋದು ನೋಡಿ, ಏನೋ ಭಾರಿ ವಿಚಾರ ನನ್ನ ಬಿಟ್ಟು ನಡೀತಿದೆ ಅಂತ ಮನೇಲಿ ಅಳ್ತಿದ್ದೆ. ಇಷ್ಟೇನಾ?"



"ಅವರು ಹಾಗೇ ಅಂದ್ರಾ, ಇಲ್ಲ ನೀನೇ ಸೇರಿಸಿದ್ಯಾ?" ವಕೀಲರು ಮೆಲ್ಲಗೆ ಕೇಳಿದರು.

ಅರಳು ಅದನ್ನೂ ಸನ್ನೆಯಲ್ಲಿ ಹೇಳಿದಳು. ದರ್ಜಿಯಮ್ಮ ಹೊಟ್ಟೆ ಹಿಡಿದು ನಕ್ಕರು, ಉತ್ತರ ಕೊಟ್ಟರು. ಅರಳುವಿನ ಕಿವಿ ಬಿಸಿಯಾಯಿತು. ಅದನ್ನು ಹೇಳಿದರೆ ತನಗೆ ತಾನೇ ಕೆಲಸ ಕೊಟ್ಟುಕೊಂಡಂತೆ, ಹೇಳದಿದ್ದರೆ ಮತ್ತೊಂದು ಸುಳ್ಳು.

"ಇವಳು ಸೇರಿಸೋಳೂ ಅಲ್ಲ, ಬಿಡೋಳೂ ಅಲ್ಲ. ನನಗೆ ಇವಳೇ ಬೇಕು... ಅಂತಿದ್ದಾರೆ ಸಾರ್."

ಅದು ನಿಜವೋ ಅಲ್ಲವೋ ಎಂದು ತಿಳಿಯಲು ಅವಳ ಬಾಯಿಮಾತು ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ. ಗುತ್ತಿಗೆದಾರರು ವಕೀಲರ ಮುಖ ನೋಡಿದರು, ವಕೀಲರು ಗುತ್ತಿಗೆದಾರರ ಮುಖ ನೋಡಿದರು. ನಾಲ್ಕು ವರ್ಷದಲ್ಲಿ ಅವರಿಬ್ಬರೂ ಒಟ್ಟಿಗೆ ನಂಬಿದ ಮಾತು ಅದೊಂದೇ.