ತಾಮ್ರದ ನೀಲಿ

"ಅವ್ನ ಮೈಯೊಳ್ಗೆ ತಾಮ್ರ ತುಂಬ್ಕಂಡಿತ್ತಂತಲ್ಲ ಮಗಾ, ನಿನ್ ಮಿಷಿನ್ನಾಗೆ ಮಡಗಿ ನೋಡಿದ್ರೆ ಮೊದ್ಲೇ ಗೊತ್ತಾಯ್ತಿತ್ತಾ?"

ಮಗ ಮದನನನ್ನು ಮಣ್ಣು ಮಾಡಿ ಬಂದ ಮಾರನೆಯ ದಿನ, ಸೋಸಲೆಯ ಮನೆಯ ಜಗಲಿಯಲ್ಲಿ ಗಂಗಾಧರಸ್ವಾಮಿ ಮಗಳನ್ನು ಕೇಳಿದರು. ದನಿಯಲ್ಲಿ ಆಕ್ಷೇಪವಿರಲಿಲ್ಲ. ಅವರಿಗೆ ನಿಜಕ್ಕೂ ತಿಳಿಯಬೇಕಿತ್ತು.

"ಅದ್ರಲ್ಲಿ ಮನುಷ್ಯರು ಹಿಡಿಯಲ್ಲ ಅಪ್ಪಾಜಿ. ಕಿರುಬೆರಳಿಗಿಂತ ಸಣ್ಣ ಕೊಳವೆ ಅಷ್ಟೇ," ಎಂದಳು ಬಿಂದುಶ್ರೀ.

ಬೆಂಗಳೂರಿನ ಪ್ರಯೋಗಾಲಯದಲ್ಲಿ ಅವಳು ಅಭ್ಯಾಸ ಮಾಡುತ್ತಿದ್ದುದು ರಕ್ತದೊಳಗಿನ ಒಂದು ಕಿಣ್ವವನ್ನು. ಒಡಲಲ್ಲಿ ತಾಮ್ರವಿರುವುದರಿಂದ ಅದಕ್ಕೆ ತಿಳಿನೀಲಿ ಬಣ್ಣ. ಕುರಿಯ ರಕ್ತದಿಂದ ಅದನ್ನು ಬೇರ್ಪಡಿಸಿ, ಅತಿಶೀತದಲ್ಲಿ ಹೆಪ್ಪುಗಟ್ಟಿಸಿ, ದೊಡ್ಡ ಅಯಸ್ಕಾಂತದ ನಡುವೆ ಇಟ್ಟು, ಲೇಸರ್ ಬೆಳಕು ಹಾಯಿಸಿ, ಆ ತಾಮ್ರದ ಸುತ್ತ ಏನೇನಿದೆಯೆಂದು ವರ್ಷಗಟ್ಟಲೆ ಹುಡುಕಿದ್ದಳು. ತಮ್ಮನ ರಕ್ತದಲ್ಲಿ ಅದೇ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆಯಿದೆಯೆಂದು ಮೈಸೂರಿನ ಡಾಕ್ಟರು ಕಂಡುಹಿಡಿಯುವಷ್ಟರಲ್ಲಿ, ಮೈಯಿಂದ ಹೊರಹೋಗಬೇಕಾದ ತಾಮ್ರವೆಲ್ಲ ಒಳಗೇ ತುಂಬಿಕೊಂಡು ಅವನ ಲಿವರ್ ಕೈಕೊಟ್ಟಿತ್ತು. ತೊಂಬತ್ತೇಳರ ದೀಪಾವಳಿಗೆ ಬಂದಾಗ ಅವನ ಕೈಯ ಕಾಫಿ ಲೋಟ ನಡುಗಿದ್ದನ್ನು ಅವಳೂ ಕಂಡಿದ್ದಳು. ಅದು ಈ ಕಾಯಿಲೆಯ ಗುರುತೆಂದು ಹೊಳೆಯದೆ, ಕುಡಿಯುವುದು ಕಲಿತಿದ್ದಾನೆಂದು ಗದರಿಸಿದ್ದಳು.

ನೆನೆದರೂ ಅಳು ಬರಲಿಲ್ಲ. ಒಳಗೆಲ್ಲ ಮರಗಟ್ಟಿತ್ತು.

ಒಡಹುಟ್ಟಿದವರಿಗೂ ಈ ಕಾಯಿಲೆ ಇರಬಹುದು, ಪರೀಕ್ಷೆ ಮಾಡಿಸಿ ಎಂದಿದ್ದರು ಡಾಕ್ಟರು. ಬಿಂದುಶ್ರೀ ನಾಳೆ ನಾಡಿದ್ದು ಎನ್ನುತ್ತಲೇ ಇದ್ದಳು. ಬೆಳಗಾದರೆ ತಾಯಿ ಮಲ್ಲಾಜಮ್ಮ, "ಕೈ ನೀಡವ್ವ" ಎನ್ನುವರು. ಅವಳು ಎರಡೂ ಕೈ ಚಾಚುವಳು. ಮದನನಂತೆ ನಡುಗುತ್ತವೆಯೇ ಎಂದು ತಾಯಿ ಬೆರಳುಗಳನ್ನೇ ನೋಡುವರು. ಕೊನೆಗೆ ಅವರೇ ಮಗಳನ್ನು ನಂಜನಗೂಡಿನ ಆಸ್ಪತ್ರೆಗೆ ಕರೆದೊಯ್ದು ರಕ್ತ ಕೊಡಿಸಿದರು, ಕಾಯಿಲೆಯಿದ್ದರೆ ಕಣ್ಣಲ್ಲೂ ತಾಮ್ರದ ಉಂಗುರ ಕಾಣುತ್ತದೆಂದು ಕಣ್ಣು ತೋರಿಸಿದರು. ಫಲಿತಾಂಶ ಬಂದ ದಿನವೂ ಜೊತೆಗೆ ಹೋದರು.

"ನಿಮ್ಮ ಮಗಳಿಗೆ ಆ ಕಾಯಿಲೆ ಇಲ್ಲಮ್ಮ," ಎಂದರು ಅಲ್ಲಿಯ ಡಾಕ್ಟರು.

"ಇಲ್ವಾ? ದಿಟ್ವಾಗ್ಲೂ ಇಲ್ವಾ ಸಾ?"

ಮಲ್ಲಾಜಮ್ಮನ ಮುಖದ ತುಂಬ ನಗು ಹರಡಿತು. ಮರುಕ್ಷಣವೇ ತಪ್ಪು ಮಾಡಿದವರಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬರಿಗಾಲಲ್ಲೇ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದರು. "ನನ್ನಪ್ಪಾ, ಮದನಾ" ಎಂದು ಗೋಳೋ ಎಂದು ಅತ್ತರು.

ಬಿಂದುಶ್ರೀ ಚೀಟಿ ಓದಿದಳು. ಕುರಿಯ ರಕ್ತದಲ್ಲಿ ತಾನು ಹುಡುಕಿದ ಕಿಣ್ವ ತನ್ನ ರಕ್ತದಲ್ಲಿ ಬೇಕಾದಷ್ಟಿತ್ತು. ಸಂತೋಷವೆನಿಸಲಿಲ್ಲ. ದುಃಖವೂ ಆಗಲಿಲ್ಲ.

ಅವರು ಊರಿಗೆ ಹಿಡಿಯಬೇಕಿದ್ದ ನರಸೀಪುರದ ಬಸ್ಸು ಆಸ್ಪತ್ರೆಯೆದುರು ಬಂದು ನಿಂತಿತು, ಜನ ತುಂಬಿಕೊಂಡಿತು, ಹೊರಟಿತು. ಬಾಗಿಲಲ್ಲಿ ಬಿಟ್ಟಿದ್ದ ತಾಯಿಯ ಚಪ್ಪಲಿಗಳನ್ನು ಎತ್ತಿಕೊಂಡು ಅವಳು ಬಿಸಿಲಿನಲ್ಲಿ ನಿಂತೇ ಇದ್ದಳು.