ಮಾವನ ಉಳಿದ ಕಣ್ಣು

ನಮ್ಮ ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವುದು ನನ್ನ ಕೆಲಸ. ಕಣ್ಣು ಪರೀಕ್ಷೆ ಮಾಡುವವಳು ನನ್ನ ಹೆಂಡತಿ. ಅಂಗಡಿ ಕಟ್ಟಿದವರು ಅವಳ ಅಪ್ಪ. ಮನೆ ಅಂಗಡಿಯ ಬೆನ್ನಿಗೇ ಅಂಟಿಕೊಂಡಿದೆ. ಅತ್ತೆ ಅಡುಗೆಮನೆಯಲ್ಲಿ ಗೊಣಗಿದ್ದು ಗಿರಾಕಿಗೂ ಕೇಳಿಸುತ್ತದೆ.

ಮಾವನ ಎಡಗಣ್ಣು ಹೋಗಿ ಎರಡು ವರ್ಷವಾಗಿತ್ತು. ಕಣ್ಣಿನ ಹಿಂಪರದೆಯಲ್ಲಿ ರಕ್ತ ಸೋರಿ ನೋಟವೆಲ್ಲ ಮಸಿಯಾಗಿತ್ತು. ಬಲಗಣ್ಣಿಗೂ ಹಾಗೇ ಆಗಬಹುದು, ಅಕ್ಷರದ ಪಟದಲ್ಲಿ ಒಂದು ಸಾಲು ಕಡಿಮೆ ಓದಿದರೂ ತಕ್ಷಣ ಕರೆತನ್ನಿ, ಕಣ್ಣಿಗೆ ಇಂಜೆಕ್ಷನ್ ಕೊಟ್ಟು ಉಳಿಸಬಹುದು, ತಡವಾದರೆ ನನ್ನ ಕೈಲಿ ಏನೂ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಆಗಾಗ ಆಸ್ಪತ್ರೆಗೆ ಬಂದು ತೋರಿಸಿ ಎಂದೂ ಹೇಳಿದ್ದರು. ಮಾವ ಒಪ್ಪಲಿಲ್ಲ.

"ಮನೇಲೇ ಪಟ ಇದೆ, ಮಗಳೇ ನೋಡ್ತಾಳೆ. ಅಲ್ಲಿಗ್ಯಾಕೆ ಹೋಗಿ ಕ್ಯೂ ನಿಲ್ಲೋದು?"

ಅತ್ತೆಗೆ ಸೂಜಿಯ ಮಾತೇ ಆಗದು. ದಿನಾ ಬೆಳಗ್ಗೆ ಮಾವನ ಕಣ್ಣ ಮೇಲೆ ಅಂಗೈಯಿಟ್ಟು ಪ್ರಾರ್ಥಿಸುವರು. ಅದನ್ನು ಕಂಡರೆ ಹೆಂಡತಿಗೆ ಮೈಯೆಲ್ಲ ಉರಿ.

"ಬೇಡಿಕೊಂಡ್ರೆ ರಕ್ತ ನಿಲ್ಲೋದಾದ್ರೆ ಎಡಗಣ್ಣು ಯಾಕಮ್ಮ ಹೋಯ್ತು?"

"ಆಗ ನಾನು ಬೇಡಿಕೊಂಡಿರ್ಲಿಲ್ಲ. ನಿನ್ನ ಮಾತು ಕೇಳ್ಕೊಂಡು ಕೂತಿದ್ದೆ," ಎಂದರು ಅತ್ತೆ.

"ಸರಿ, ಪಟಾನೇ ಹೇಳ್ಲಿ. ಒಂದು ಸಾಲು ತಪ್ಪಿದ್ರೂ ಅವತ್ತೇ ಆಸ್ಪತ್ರೆ. ಆಗ ನೀನು ಅಡ್ಡ ಬರಬಾರದು."

"ತಪ್ಪಲ್ಲ ಬಿಡು."

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮ್ಮಲ್ಲಿ ಜಗಳ ತಾಯಿ ಮಗಳದು, ಕೂಸು ಎಪ್ಪತ್ತು ದಾಟಿದ ಮಾವ.

ಪ್ರತಿ ಭಾನುವಾರ ಅಂಗಡಿಯ ಬಾಗಿಲು ಎಳೆದ ಮೇಲೆ ಮಾವ ಕುರ್ಚಿಯಲ್ಲಿ ಕೂತು, ಎಡಗಣ್ಣು ಮುಚ್ಚಿ ಓದುವರು. ಕೊನೆಯ ಸಾಲಿನವರೆಗೆ ಒಂದಕ್ಷರ ತಪ್ಪುತ್ತಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಗೆದ್ದವರ ನಗೆ ನಗುವರು. ಹೆಂಡತಿ ಹಟಮಾರಿಯಾದರೂ ನ್ಯಾಯವಂತೆ. "ಪ್ರಾರ್ಥನೆಯಿಂದ ಅಂತ ಒಪ್ಪಲ್ಲ. ಆದ್ರೆ ಕಣ್ಣು ಚೆನ್ನಾಗಿದೆ, ಅದಂತೂ ನಿಜ," ಅನ್ನುವಳು. ಒಬ್ಬರು ದೇವರನ್ನು ನಂಬಿದ್ದರು, ಒಬ್ಬಳು ಪಟವನ್ನು. ಮನುಷ್ಯನ ಮುಖ ನೋಡುವ ಪುರುಸೊತ್ತು ಇಬ್ಬರಿಗೂ ಇರಲಿಲ್ಲ.

ಚಳಿಗಾಲ ಬಂತು. ಮಾವ ಪತ್ರಿಕೆ ಓದುವುದು ಬಿಟ್ಟರು. ಬರೀ ಕೆಟ್ಟ ಸುದ್ದಿ ಎಂದರು. ಚಹಾ ಲೋಟದ ಹೊರಗೆ ಸುರಿದರು. ವಯಸ್ಸಾಯಿತು, ಕೈ ನಡುಕ ಎಂದಳು ಹೆಂಡತಿ. ಒಮ್ಮೆ ನನ್ನನ್ನೇ ಗಿರಾಕಿ ಎಂದುಕೊಂಡು "ಬನ್ನಿ, ಕೂತ್ಕೊಳ್ಳಿ" ಅಂದರು. ಮನೆ ಅಳಿಯನಿಗೆ ಕೊನೆಗೂ ಮರ್ಯಾದೆ ಸಿಕ್ಕಿತು ಎಂದು ಎಲ್ಲರೂ ನಕ್ಕೆವು. ಮಾವನೂ ನಕ್ಕರು.

ಆಮೇಲೆ ಅಂಗಡಿಗೆ ಬಣ್ಣ ಹೊಡೆಸಿದೆವು. ಪಟ ಇಳಿಸಿ ನನ್ನ ಮೇಜಿನ ಹಿಂದೆ ಒರಗಿಸಿಟ್ಟಿದ್ದೆ. ಭಾನುವಾರ ಅದನ್ನು ಮತ್ತೆ ತೂಗುಹಾಕಲು ಮೊಳೆ ಹುಡುಕುತ್ತಿದ್ದಾಗ ಮಾವ ಬಂದು ತಮ್ಮ ಪಾಡಿಗೆ ತಾವು ಕುರ್ಚಿಯಲ್ಲಿ ಕೂತರು. ಹೆಂಡತಿ ಪಕ್ಕದಲ್ಲಿ ನಿಂತಳು, ಅತ್ತೆಯೂ ಬಾಗಿಲಿಗೆ ಬಂದರು. ಇರಿ ಮಾವ ಅನ್ನುವಷ್ಟರಲ್ಲಿ ಅವರು ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದು ಓದಲು ಶುರುಮಾಡಿಯೇಬಿಟ್ಟಿದ್ದರು.

ಎದುರಿಗೆ ಬರೀ ಬಿಳಿ ಗೋಡೆ. ಮಾವ ದೊಡ್ಡ ಅಕ್ಷರದಿಂದ ಹಿಡಿದು, ಪ್ರತಿ ಸಾಲಿನ ಕೊನೆಗೆ ಉಸಿರು ತೆಗೆದುಕೊಂಡು, ಸಣ್ಣ ಅಕ್ಷರ ಬಂದಾಗ ಕಷ್ಟಪಡುವವರಂತೆ ಕತ್ತು ಮುಂದೆ ಚಾಚಿ, ಪೂರ್ತಿ ಓದಿದರು. ಮೂವತ್ತು ವರ್ಷ ಆ ಪಟದ ಮುಂದೆ ಬಂದವರನ್ನೆಲ್ಲ ಓದಿಸಿದವರಿಗೆ ಅದು ಬಾಯಿಪಾಠವಾಗಿರುತ್ತದೆ ಎಂಬುದು ಪಕ್ಕದಂಗಡಿಯ ದರ್ಜಿಗೂ ಹೊಳೆಯುತ್ತಿತ್ತು. ಹಗಲೂ ರಾತ್ರಿ ಕಣ್ಣಿನದೇ ಕೆಲಸ ಮಾಡುವ ನಮಗೆ ಹೊಳೆದಿರಲಿಲ್ಲ.

"ಎಲ್ಲಾ ಸರಿ ಇತ್ತಾ?" ಎಂದು ಕೇಳಿದರು ಮಾವ.

ಹೆಂಡತಿ ಗೋಡೆಗೆ ಒರಗಿಕೊಂಡಳು. "ಪಟ ಅಲ್ಲಿಲ್ಲ ಅಪ್ಪ. ಯಾವಾಗಿನಿಂದ ಕಾಣ್ತಿಲ್ಲ?"

ಮಾವ ಅಂಗೈ ಇಳಿಸಿದರು. "ಮಳೆಗಾಲದಿಂದ. ನಿಮ್ಮಮ್ಮ ಅಷ್ಟೊಂದು ನಂಬಿದ್ಲು. ನಾನು ತಪ್ಪು ಓದಿದ್ರೆ ಅವಳಿಗೆ ದೇವರೂ ಇಲ್ಲದ ಹಾಗಾಗ್ತಿತ್ತು. ನನ್ನ ಕಣ್ಣಿನ ಮಾತಷ್ಟೇ ಆಗಿದ್ರೆ ಹೇಳ್ತಿದ್ದೆ." ಅಂಗೈಯನ್ನು ತೊಡೆಗೆ ಉಜ್ಜಿಕೊಂಡು, "ಸೂಜಿಗೂ ಹೆದರಿದೆ," ಎಂದರು.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ರಕ್ತ ಸೋರಿ ಒಳಗೆ ಕಲೆಗಟ್ಟಿದೆ, ಇನ್ನು ಇಂಜೆಕ್ಷನ್ ಕೊಟ್ಟು ಪ್ರಯೋಜನವಿಲ್ಲ ಎಂದರು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಯಾರಾದರೂ ಅಂದಿದ್ದರೆ ನಾನು ಅವರ ಕುತ್ತಿಗೆಗೇ ಕೈ ಹಾಕುತ್ತಿದ್ದೆ.

ಮನೆಗೆ ಬಂದು ಮಾವನನ್ನು ನಡುಮನೆಯಲ್ಲಿ ಕೂರಿಸುತ್ತಿದ್ದ ಹಾಗೇ ಜಗಳ ಶುರುವಾಯಿತು.

"ನಿನ್ನ ಪ್ರಾರ್ಥನೆಯ ಮಾನ ಉಳಿಸೋಕೆ ಕಣ್ಣು ಕಳ್ಕೊಂಡ್ರು," ಎಂದಳು ಹೆಂಡತಿ.

"ಓದಿದವಳು ನೀನು. ವಾರವಾರ ಮುಂದೆ ನಿಂತು ನೋಡ್ದವಳು ನೀನು. ನಾನೇನು ಡಾಕ್ಟರಾ?"

"ನೀನು ಸುಮ್ಮನಿದ್ದಿದ್ರೆ ಅವರು ಸುಳ್ಳು ಹೇಳ್ತಿರ್ಲಿಲ್ಲ."

"ನೀನು ನನ್ನನ್ನ ಸೋಲಿಸೋಕೆ ಹೊರಡದೇ ಇದ್ದಿದ್ರೆ ಹೇಳ್ತಿರ್ಲಿಲ್ಲ."

ಇಬ್ಬರ ಮಾತಲ್ಲೂ ನಿಜವಿತ್ತು. ಅದಕ್ಕೇ ನನಗೆ ಇಬ್ಬರ ಮೇಲೂ ಹೇಸಿಗೆಯಾಯಿತು. ಇವರಿಬ್ಬರನ್ನೂ ಅಷ್ಟು ಪ್ರೀತಿಸಿದ ಮಾವನ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು. "ಸಾಕು ನಿಲ್ಸಿ, ಇಬ್ರೂ," ಎಂದು ಗದರಿದೆ. ಇಬ್ಬರೂ ಬಾಯಿ ಮುಚ್ಚಿದರು. ಅತ್ತೆ ಗೋಡೆಯ ಕಡೆ ತಿರುಗಿ ನಿಂತರು, ಹೆಂಡತಿ ನೆಲ ನೋಡಿದಳು.

ಮಾವ ಕುರ್ಚಿಯಿಂದ ಅರ್ಧ ಎದ್ದರು. ಆ ಕಡೆ ಈ ಕಡೆ ಮುಖ ತಿರುಗಿಸಿ, ಗಾಳಿಯಲ್ಲಿ ಕೈಯಾಡಿಸಿದರು.

"ಎಲ್ಲಿ ಹೋದ್ರಿ ಎಲ್ಲಾ? ಜಗಳ ಆಡ್ತಾ ಇರ್ರಮ್ಮ. ಯಾರು ಎಲ್ಲಿದ್ದೀರಿ ಅಂತ ನನಗೆ ಗೊತ್ತಾಗಬೇಕಲ್ಲ."