ಫ್ಯೂಸಿನ ಜಾಗಕ್ಕೆ ಬಂದ ತಂತಿ

ಮೂರು ತಿಂಗಳಲ್ಲಿ ದರ್ಜಿಯ ಬೈಕು ಮದುಮಗನ ಹಾಗೆ ಸಿಂಗಾರಗೊಂಡಿತ್ತು. ಮುಂದೆ ಎರಡು ಹೆಚ್ಚುವರಿ ಲೈಟು, ಬೀದಿಯೇ ತಿರುಗಿ ನೋಡುವಂಥ ಜೋಡಿ ಹಾರನ್ನು, ಹ್ಯಾಂಡಲ್ಲಿನ ಮೇಲೆ ಮೊಬೈಲ್ ಚಾರ್ಜರು. ಎಲ್ಲವನ್ನೂ ಅವನೇ ಕೂರಿಸಿದ್ದ. ಬಟ್ಟೆ ಹೊಲಿಯುವ ಕೈಗೆ ನಾಲ್ಕು ವೈರು ಜೋಡಿಸುವುದು ಯಾವ ಮಹಾ ಕೆಲಸ ಎಂಬುದು ಅವನ ಲೆಕ್ಕ. ಹೆಡ್‌ಲೈಟಿನ ವೈರನ್ನು ಬ್ಲೇಡಿನಲ್ಲಿ ಸುಲಿದು, ಹೊಸ ವೈರುಗಳನ್ನೆಲ್ಲ ಅದಕ್ಕೇ ಹೊಸೆದು, ಮೇಲೆ ಟೇಪು ಸುತ್ತಿದ್ದ. ಸುತ್ತಿದ್ದು ಮಾತ್ರ ಬಲು ಅಚ್ಚುಕಟ್ಟು. ಅಷ್ಟನ್ನು ಒಪ್ಪಲೇಬೇಕು.

ಆಮೇಲೆ ಫ್ಯೂಸು ಹೋಗತೊಡಗಿತು. ಒಂದು ಹಾಕಿದ, ಹೋಯಿತು. ಇನ್ನೊಂದು ಹಾಕಿದ, ಹಾರನ್ ಒತ್ತಿದ್ದೇ ತಡ ಅದೂ ಹೋಯಿತು. ಹೊಲಿಗೆ ಯಂತ್ರದಲ್ಲಿ ದಾರ ಪದೇ ಪದೇ ಕಡಿದರೆ ದರ್ಜಿ ಏನು ಮಾಡುತ್ತಾನೆ? ಗಟ್ಟಿ ದಾರ ಹಾಕುತ್ತಾನೆ. ಇಲ್ಲಿಯೂ ಅದನ್ನೇ ಮಾಡಿದ. ತಾಮ್ರದ ತಂತಿಯನ್ನು ಮೂರೆಳೆ ಹುರಿ ಮಾಡಿ ಫ್ಯೂಸಿನ ಜಾಗಕ್ಕೆ ಸಿಕ್ಕಿಸಿದ. ಅಲ್ಲಿಂದಾಚೆ ಅದು ಕಡಿಯಲೇ ಇಲ್ಲ. ತನ್ನ ಬೆನ್ನು ತಾನೇ ತಟ್ಟಿಕೊಂಡ. ಹೆಂಡತಿಗೆ ಹೇಳುವಂಥದ್ದೇನೂ ಅದರಲ್ಲಿ ಅವನಿಗೆ ಕಾಣಲಿಲ್ಲ.

ದಿನಾ ಬೆಳಿಗ್ಗೆ ಐದು ವರ್ಷದ ಮಗಳನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುವುದು ವಾಡಿಕೆ. ಒಂದು ಸೋಮವಾರ ಅವಳು ಹತ್ತುವುದಿಲ್ಲ ಎಂದು ಹಠ ಹಿಡಿದಳು. ಟ್ಯಾಂಕಿನ ಕೆಳಗಿಂದ ಗಬ್ಬು ವಾಸನೆ ಬರುತ್ತದೆ, ಮೊನ್ನೆಯೂ ಬಂದಿತ್ತು ಎಂದಳು. ದರ್ಜಿ ನಕ್ಕ. ಇಡೀ ದಿನ ಇಸ್ತ್ರಿಪೆಟ್ಟಿಗೆಯ ಪಕ್ಕ ಕೂರುವವನ ಮೂಗಿಗೆ ಸುಟ್ಟ ವಾಸನೆ ಹೊಸದೇನಲ್ಲ. ಅದು ತನ್ನ ಅಂಗಿಯದೇ ಎಂದು ಹೇಳಿ ಮಗಳನ್ನು ಎತ್ತಿಕೊಳ್ಳಹೋದ. ಹೆಂಡತಿ ಅಡ್ಡ ಬಂದಳು. ಬಗ್ಗಿ ಮೂಸಿ ನೋಡಿದಳು.

"ಇದು ಬಟ್ಟೆ ಸುಟ್ಟಿದ್ದಲ್ಲ, ಪ್ಲಾಸ್ಟಿಕ್ಕು. ಮೋಟಾರಕ್ಕ ನೋಡಿ ಸರಿಯಿದೆ ಅನ್ನೋ ತನಕ ಇವಳು ಇದನ್ನ ಹತ್ತಲ್ಲ," ಎಂದವಳೇ ಮಗಳ ಕೈ ಹಿಡಿದು ನಡೆದೇ ಹೊರಟಳು.

ಮೋಟಾರಕ್ಕ ಎಂದರೆ ಬೀದಿಯ ತುದಿಯಲ್ಲಿ ನೀರೆತ್ತುವ ಮೋಟಾರು ರಿಪೇರಿ ಮಾಡುವ ಹೆಂಗಸು. ಕರೆಂಟಿನ ಜೊತೆ ಇಪ್ಪತ್ತು ವರ್ಷ ಸಂಸಾರ ಮಾಡಿದವಳು. ಅವಳಿಗೆ ಬೈಕಿನ ವಿಷಯ ಏನು ಗೊತ್ತು ಎಂದು ಗೊಣಗುತ್ತಲೇ ದರ್ಜಿ ಬೈಕನ್ನು ಅಲ್ಲಿಯ ತನಕ ತಳ್ಳಿಕೊಂಡು ಹೋದ. ಸ್ಟಾರ್ಟ್ ಮಾಡಲಿಲ್ಲ. ಅವನಿಗೂ ಒಳಗೊಳಗೇ ಅಳುಕು ಹುಟ್ಟಿತ್ತು.

ಅಕ್ಕ ಮೊದಲು ಬ್ಯಾಟರಿಯ ಮೈನಸ್ ವೈರು ಬಿಚ್ಚಿದಳು. ಆಮೇಲೆ ಸೀಟು, ಟ್ಯಾಂಕು ಇಳಿಸಿದಳು. ಕೆಳಗೆ ವೈರುಗಳ ಮೇಲಿನ ಪ್ಲಾಸ್ಟಿಕ್ಕು ಕರಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಒಂದು ಕಡೆ ತಾಮ್ರ ಬರಿಮೈಯಾಗಿ ನಿಂತಿತ್ತು. ಅಲ್ಲಿಂದ ಪೆಟ್ರೋಲ್ ಕೊಳವೆಗೆ ಎರಡು ಬೆರಳಿನಷ್ಟು ದೂರ. ಅಕ್ಕ ಫ್ಯೂಸಿನ ಡಬ್ಬಿ ತೆರೆದಳು, ಹುರಿ ಮಾಡಿದ ತಂತಿಯನ್ನು ಎಳೆದು ಅಂಗೈ ಮೇಲೆ ಇಟ್ಟುಕೊಂಡಳು. ಅಷ್ಟರಲ್ಲಿ ಹೆಂಡತಿಯೂ ಶಾಲೆಯಿಂದ ಬಂದು ನಿಂತಿದ್ದಳು.

"ಇದನ್ನ ಯಾರು ಹಾಕಿದ್ದು?" ಎಂದು ಅಕ್ಕ ಕೇಳಿದಳು.

"ನಾನೇ ಅಕ್ಕ. ಪದೇ ಪದೇ ಕಡೀತಿತ್ತಲ್ಲ, ಅದಕ್ಕೆ ಗಟ್ಟಿದು ಹಾಕ್ದೆ," ಎಂದ ದರ್ಜಿ.

"ಕಡಿಯೋದೇ ಅದರ ಕೆಲಸ ಕಣಪ್ಪ. ವೈರು ತಡೆಯೋದಕ್ಕಿಂತ ಜಾಸ್ತಿ ಕರೆಂಟು ಹರಿದ್ರೆ ಫ್ಯೂಸು ತಾನು ಸುಟ್ಟು ವೈರನ್ನ ಉಳಿಸುತ್ತೆ. ನೀನು ಅದು ಸುಡದ ಹಾಗೆ ಮಾಡಿದೀಯ. ಈಗ ಸುಡೋದು ವೈರು. ವೈರಿನ ಮೇಲೆ ಟ್ಯಾಂಕು. ಟ್ಯಾಂಕಿನ ಮೇಲೆ ಯಾರನ್ನ ಕೂರಿಸ್ತೀಯ, ನೀನೇ ಹೇಳು."

ದರ್ಜಿಗೆ ಭಯವಾಯಿತು. ಹೆಂಡತಿ ಅಕ್ಕನ ಅಂಗೈಯಿಂದ ಆ ತಂತಿಯನ್ನು ತೆಗೆದು ಅವನ ಕೈಗಿಟ್ಟಳು. ಬೈದಿದ್ದರೆ ವಾಸಿಯಿತ್ತು.

ಸುಟ್ಟ ವೈರುಗಳನ್ನೆಲ್ಲ ಅಕ್ಕ ಬದಲಾಯಿಸಿದಳು. ಹೆಡ್‌ಲೈಟಿನ ವೈರಿನಿಂದ ಏನನ್ನೂ ಕದಿಯಬಾರದು ಎಂದು ಹೇಳುತ್ತಲೇ, ಹಾರನ್ನಿಗೆ ಬ್ಯಾಟರಿಯಿಂದಲೇ ಬೇರೆ ದಪ್ಪ ವೈರು ಎಳೆದಳು. ಬ್ಯಾಟರಿಯ ಹತ್ತಿರದಲ್ಲೇ ಆ ವೈರಿಗೆ ತಕ್ಕ ಫ್ಯೂಸು ಕೂರಿಸಿದಳು. ನಡುವೆ ರಿಲೇ ಎಂಬ ಪುಟ್ಟ ಡಬ್ಬಿ ಹಾಕಿದಳು, ಹೆಚ್ಚಿನ ಕರೆಂಟು ಅದರಲ್ಲಿ ಹರಿದು ಹ್ಯಾಂಡಲ್ಲಿನ ಸ್ವಿಚ್ಚಿಗೆ ಹೊರೆ ಬೀಳದಿರಲಿ ಎಂದು. ಚಾರ್ಜರಿಗೂ ಅದರದೇ ಸಣ್ಣ ಫ್ಯೂಸು ಬಂತು. ಜೋಡಣೆಗಳಿಗೆ ಬೆಸುಗೆ ಹಾಕಿ, ಮೇಲೆ ಬಿಗಿಯಾದ ಕವಚ ಏರಿಸಿ, ಇಂಜಿನ್ನಿನ ಕಾವು ತಾಗದ ಕಡೆ ಕಟ್ಟಿದಳು. ವೈರು ಎಲ್ಲೂ ಎಳೆಯುವುದಿಲ್ಲವಲ್ಲ ಎಂದು ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದಳು. ಈ ಬೈಕು ಹುಟ್ಟಿಸುವ ಕರೆಂಟಿಗೆ ಎರಡು ಲೈಟಿನ ಭಾರ ಹೆಚ್ಚಾಯಿತು, ಒಂದನ್ನು ತೆಗೆ ಎಂದಳು. ದರ್ಜಿ ಎರಡನ್ನೂ ಬಿಚ್ಚಿದ.

ಮಾರನೆಯ ಬೆಳಿಗ್ಗೆ ಮಗಳು ಟ್ಯಾಂಕಿನ ಮೇಲೆ ಹತ್ತಲು ಬಂದಳು. ವಾಸನೆ ಹೋಯಿತಲ್ಲ ಎಂದಳು.

"ಹೋಯ್ತು ಮಗಳೇ. ಆದ್ರೂ ಅಲ್ಲಿ ಕೂರೋದು ಬೇಡ. ನಡಿ, ಇಬ್ರೂ ನಡೆದೇ ಹೋಗೋಣ," ಎಂದು ಅವನು ಅವಳ ಚೀಲವನ್ನು ತನ್ನ ಹೆಗಲಿಗೇರಿಸಿದ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿಗೂ ಲೈಟೋ ಹಾರನ್ನೋ ಚಾರ್ಜರೋ ಹಾಕಿಸಿದ್ದೀರಾ? ಹಾಗಾದರೆ ಇವತ್ತೇ ಗಾಡಿ ಆಫ್ ಮಾಡಿ, ಕೀಲಿ ಹೊರತೆಗೆದು, ಫ್ಯೂಸಿನ ಡಬ್ಬಿ ನೋಡಿ. ಒಳಗೆ ತಂತಿಯೋ ಬೆಳ್ಳಿ ಕಾಗದವೋ ಕಂಡರೆ ಗಾಡಿ ಓಡಿಸಬೇಡಿ, ಬಲ್ಲವರನ್ನು ಕರೆಯಿರಿ. ಫ್ಯೂಸು ಎರಡನೇ ಸಲ ಹೋದರೆ ಮೂರನೆಯದನ್ನು ಹಾಕುವ ಮೊದಲು ಯಾಕೆ ಹೋಯಿತೆಂದು ಹುಡುಕಿಸಿ. ಓಡಿಸುವಾಗ ಸುಟ್ಟ ವಾಸನೆ ಬಂತೋ, ಗಾಡಿ ನಿಲ್ಲಿಸಿ, ಕೀಲಿ ತಿರುಗಿಸಿ ಆಫ್ ಮಾಡಿ, ಎಲ್ಲರನ್ನೂ ಇಳಿಸಿಕೊಂಡು ದೂರ ಹೋಗಿ ನಿಲ್ಲಿ. ನಿಮ್ಮ ಮನೆಯವರು ಟ್ಯಾಂಕು ಬಿಚ್ಚಿ ನೋಡಿ ಗಾಡಿ ಹತ್ತುವುದಿಲ್ಲ. ನಿಮ್ಮನ್ನು ನಂಬಿ ಹತ್ತುತ್ತಾರೆ.